ಗುಡ್ಡದ ರಸ್ತೆಯ ಸ್ಥಳ ತನಿಖೆ

ವೆಲ್ಡನ್ ಊರಿನವರು ಗುಡ್ಡದ ರಸ್ತೆಯನ್ನು ಕೈಬಿಡುವುದೆಂದು ತೀರ್ಮಾನ ಮಾಡಿದ ಸುದ್ದಿ ಡರಾಯಸ್ ಕಟ್ಲರನಿಗೆ ತಿಳಿದದ್ದು ಟಪಾಲಿನವನ ಬಾಯಿಂದ. ಮಾರ್ಚ್ ತಿಂಗಳು, ಮೇಪಲ್ ಮರಗಳಲ್ಲಿ ರಸ ಇಳಿಯುವ ಕಾಲ. ಡರಾಯಸ್ ತನ್ನ ಬೆಲ್ಲದ ಗುಡಿಸಲಿನಲ್ಲಿ ಒಲೆಗೆ ಸೌದೆ ಒಟ್ಟಿ, ಆ ರಸ ಕುದಿಯುವ ಉದ್ದನೆಯ ಕೊಪ್ಪರಿಗೆಯ ಮುಂದೆ ನಿಂತು ನೊರೆ ತೆಗೆಯುತ್ತಿದ್ದ. ಟಪಾಲಿನವನು ಹಬೆಯೊಳಗೆ ತಲೆ ತೂರಿಸಿ, ಒಂದು ಸೌಟು ಬಿಸಿ ಪಾಕ ಕುಡಿದು, ಊರಸಭೆಯಲ್ಲಿ ನಡೆದದ್ದನ್ನೆಲ್ಲ ಒಪ್ಪಿಸಿದ. ಗುಮಾಸ್ತ ಓದಿ ಮುಗಿಸುವ ಮೊದಲೇ ಕೈಗಳು ಎದ್ದಿದ್ದವಂತೆ. ಅಷ್ಟು ಕಡಿದಾದ ರಸ್ತೆಯನ್ನು ಒಂದೇ ಒಂದು ಮನೆಗಾಗಿ ವರ್ಷ ವರ್ಷ ರಿಪೇರಿ ಮಾಡುವುದು ಯಾವ ನ್ಯಾಯ ಎಂದು ಕೆಳಗಿನ ಹೊಲದವರು ಕೇಳಿದರಂತೆ. ಆ ಒಂದು ಮನೆಯ ಏಸಾ ಬಿಕ್ಸ್‌ಬಿ ಮಾತ್ರ ಎದ್ದು ನಿಂತು, ತಾನು ಕೌಂಟಿ ಕೋರ್ಟಿಗೆ ಹೋಗುತ್ತೇನೆ ಎಂದು ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದನಂತೆ.

"ಅದು ನಿಮ್ಮ ರಸ್ತೆ ಅಲ್ವಾ ಜಡ್ಜ್ ಸಾಹೇಬ್ರೆ?" ಎಂದ ಟಪಾಲಿನವನು.

"ಊರಿನ ರಸ್ತೆ," ಎಂದ ಡರಾಯಸ್. ಆದರೆ ಕೈಯಲ್ಲಿದ್ದ ಜಾಲರಿ ಸೌಟು ಅಲ್ಲೇ ನಿಂತಿತ್ತು. ಪಾಕ ಉಕ್ಕಿ ಬಂದದ್ದು ಕಂಡ ಮೇಲೇ ಅವನಿಗೆ ಎಚ್ಚರವಾದದ್ದು.

ಟಪಾಲಿನವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಡರಾಯಸ್ ಹುಟ್ಟಿದ್ದು ಆ ಗುಡ್ಡದ ಮೇಲೆ. ಆಗ ಅಲ್ಲಿ ಹತ್ತಾರು ಮನೆಗಳಿದ್ದವು, ಒಂದು ಶಾಲೆಯಿತ್ತು. ದಾರಿ ಮಾತ್ರ ಕುರಿ ಇಳಿಯುವ ಜಾಡಿನಂಥದು. ಸಾವಿರದ ಒಂಬೈನೂರ ಎಂಟನೆಯ ಇಸವಿಯಲ್ಲಿ ವೆಲ್ಡನ್ನಿನವರು ಅವನನ್ನು ರಾಜ್ಯದ ಶಾಸನಸಭೆಗೆ ಆರಿಸಿ ಕಳಿಸಿದರು. ಅದರಲ್ಲಿ ಹೆಚ್ಚುಗಾರಿಕೆ ಏನಿರಲಿಲ್ಲ. ವರ್ಮಾಂಟ್ ರಾಜ್ಯದಲ್ಲಿ ಎಷ್ಟೇ ಸಣ್ಣ ಊರಾದರೂ ಒಬ್ಬನನ್ನು ಕಳಿಸುತ್ತದೆ. ಒಬ್ಬ ಹೋಗಿ ಬಂದ ಮೇಲೆ ಇನ್ನೊಬ್ಬನ ಸರದಿ. ಕೊಯ್ಲು ಮುಗಿಸಿ ಅಕ್ಟೋಬರಿನಲ್ಲಿ ರಾಜಧಾನಿ ಮಾಂಟ್‌ಪೀಲಿಯರ್‌ಗೆ ಹೋಗಿ, ಒಬ್ಬ ವಿಧವೆಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದು, ಚಳಿಗಾಲದ ನಡುವೆ ಮನೆಗೆ ಮರಳುವುದು. ಹಸು ಕಟ್ಟಿದವನಿಗೆ ಅಷ್ಟು ದಿನ ಬಿಟ್ಟಿರುವುದು ಸಣ್ಣ ಮಾತಲ್ಲ. ಆ ಹಸುಗಳನ್ನು ನೋಡಿಕೊಂಡವನು ಪಕ್ಕದ ಮನೆಯ ಏಸಾ. ಹೊತ್ತು ಹುಟ್ಟುವ ಮುಂಚೆ ತನ್ನ ಕೊಟ್ಟಿಗೆ ಮುಗಿಸಿ ಇವನ ಕೊಟ್ಟಿಗೆಗೆ ಬರುತ್ತಿದ್ದ. ಹೋಗುವ ದಿನ ಡರಾಯಸ್ ಹಿಂದೆಮುಂದೆ ನೋಡುತ್ತಿದ್ದಾಗ, "ನೀನು ಹೋಗು ಕಣೋ. ಹಸುಗಳಿಗೆ ನಿನ್ನ ಮುಖಕ್ಕಿಂತ ನನ್ನ ಮುಖಾನೇ ಇಷ್ಟ" ಎಂದಿದ್ದ.

ಶಾಸನಸಭೆಯಲ್ಲಿ ಡರಾಯಸ್ ಎದ್ದು ಮಾತಾಡಿದ್ದು ಒಂದೇ ಸಲ. ಗುಡ್ಡದ ರಸ್ತೆಗೆ ರಾಜ್ಯದ ನೆರವು ಬೇಕೆನ್ನುವ ಒಂದು ಪುಟ್ಟ ಮಸೂದೆ ಅವನದು. ವಕೀಲರೂ ರೈಲು ಕಂಪನಿಯ ಕಡೆಯವರೂ ಗಂಟೆಗಟ್ಟಲೆ ಮಾತಾಡುವ ಆ ಸಭೆಯಲ್ಲಿ ಅವನು ಎದ್ದು, ಗುಡ್ಡದ ಮೇಲೂ ಒಲೆಗಳು ಉರಿಯುತ್ತವೆ, ಗುಡ್ಡದ ಮೇಲೂ ಹೆಂಗಸರಿಗೆ ಹೆರಿಗೆಯಾಗುತ್ತದೆ, ಡಾಕ್ಟರ ಕುದುರೆ ಅರ್ಧ ದಾರಿಗೇ ನಿಲ್ಲುತ್ತದೆ ಎಂದು ಹೇಳಿ ಕೂತುಬಿಟ್ಟ. ಮಸೂದೆ ಪಾಸಾಯಿತು. ರಸ್ತೆಯಾಯಿತು. ಊರಿನವರು ಅದಕ್ಕೆ ಕಟ್ಲರನ ರಸ್ತೆ ಎಂದೇ ಹೆಸರಿಟ್ಟರು.

ಆಮೇಲೆ ಹೆಂಡತಿ ಲವೀಸಾಳ ತಂದೆ ತೀರಿಕೊಂಡಾಗ ಅವರ ಹೊಲ ನೋಡುವವರಿಲ್ಲದೆ, ಡರಾಯಸ್ ಗುಡ್ಡ ಬಿಟ್ಟು ಕೌಂಟಿ ಕೋರ್ಟಿನ ಊರಿನ ಹತ್ತಿರ ಬಂದು ನೆಲೆಸಿದ. ಗುಡ್ಡದ ಜಮೀನು ಮರದ ವ್ಯಾಪಾರಿಗಳ ಪಾಲಾಯಿತು. ಇಲ್ಲಿಗೆ ಬಂದ ಮೇಲೆ ಜನ ಅವನನ್ನು ಪಕ್ಕದ ಜಡ್ಜ್ ಆಗಿ ಆರಿಸಿದರು. ಕೌಂಟಿ ಕೋರ್ಟಿನಲ್ಲಿ ನಡುವಿನ ಕುರ್ಚಿ ಕಾನೂನು ಓದಿದ ಜಡ್ಜ್ ಅವರದು. ಎಡಕ್ಕೊಬ್ಬ ಬಲಕ್ಕೊಬ್ಬ ಊರಿನ ಸಾಮಾನ್ಯರು, ಹೆಚ್ಚಾಗಿ ರೈತರು. ಕಾನೂನು ಹೇಳುವುದು ನಡುವಿನವರು. ನಡೆದದ್ದೇನು, ಇರುವುದೇನು ಎಂಬ ಪ್ರಶ್ನೆ ಬಂದಾಗ ಮೂವರದೂ ಒಂದೊಂದು ಮತ. ಇಬ್ಬರು ರೈತರು ಸೇರಿದರೆ ನಡುವಿನವರ ಮಾತು ಬಿದ್ದುಹೋಗುತ್ತದೆ. ನಡುವಿನವರಿಗೆ ತೂಕಡಿಕೆ ಬಂದರೆ ಯಾವ ಕಡೆಗೂ ವಾಲದಿರಲಿ ಅಂತ ಇವರಿಬ್ಬರನ್ನು ಆಸರೆಗೆ ಕೂರಿಸಿದ್ದಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ಡರಾಯಸ್ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೇಲಿ ಜಗಳ, ಉಯಿಲಿನ ಜಗಳ, ಕಳ್ಳ ಸಾರಾಯಿ ಎಲ್ಲವನ್ನೂ ಹತ್ತು ವರ್ಷ ಕೇಳಿದ್ದ. ಆದರೆ ಇಷ್ಟು ದಿನದ ಬದುಕಿನಲ್ಲಿ ಇದು ನಾನು ಮಾಡಿದ್ದು ಎಂದು ಬೆರಳು ತೋರಿಸಬಹುದಾದದ್ದು ಅವನಿಗೆ ಒಂದೇ ಇತ್ತು. ಅದು ಆ ರಸ್ತೆ.

ಏಸಾನ ಅರ್ಜಿ ಜುಲೈನಲ್ಲಿ ವಿಚಾರಣೆಗೆ ಬಂತು. ನಡುವಿನ ಜಡ್ಜ್ ವಿಟ್‌ಕಾಂಬ್ ಅವರು ಸರೋವರದ ಕಡೆಯ ಪಟ್ಟಣದವರು, ಶಾಂತ ಸ್ವಭಾವದವರು. ಡರಾಯಸ್‌ನನ್ನು ಪಕ್ಕಕ್ಕೆ ಕರೆದು, ಆ ಗುಡ್ಡದಲ್ಲಿ ನಿಮ್ಮ ಜಮೀನು ಇದೆಯೇ, ಅರ್ಜಿದಾರ ನಿಮ್ಮ ನೆಂಟನೇ ಎಂದು ವಿಚಾರಿಸಿದರು. ಎರಡೂ ಇಲ್ಲ ಎಂದ ಡರಾಯಸ್. ಆ ರಸ್ತೆಯ ಮಸೂದೆ ತಂದವನು ತಾನು ಎಂದೂ ಹೇಳಿದ. ವಿಟ್‌ಕಾಂಬ್ ನಕ್ಕು, ಶಾಸನಸಭೆಗೆ ಹೋಗಿಬಂದವರನ್ನೆಲ್ಲ ಕುರ್ಚಿಯಿಂದ ಎಬ್ಬಿಸುತ್ತ ಹೋದರೆ ಈ ರಾಜ್ಯದಲ್ಲಿ ಕೂರುವುದಕ್ಕೆ ಯಾರೂ ಉಳಿಯುವುದಿಲ್ಲ ಎಂದರು. ಇನ್ನೊಬ್ಬ ಪಕ್ಕದ ಜಡ್ಜ್ ಎಮೊರಿ ಗಿಬ್ಸ್ ಕುರಿ ಸಾಕುವವನು, ಮಾತು ಕಡಿಮೆ. ಅವನು ಮೊದಲ ದಿನವೇ ಡರಾಯಸ್‌ಗೆ ಹೇಳಿಬಿಟ್ಟ: "ಅದು ನಿನ್ನ ಗುಡ್ಡ. ನೀನು ಏನು ಹೇಳ್ತೀಯೋ ನಂದೂ ಅದೇ." ಅಲ್ಲಿಗೆ ರಸ್ತೆ ಉಳಿಯುವುದು, ಹೋಗುವುದು ಡರಾಯಸ್‌ನ ಕೈಗೇ ಬಂದು ನಿಂತಿತು.

ಊರಿನ ಪರ ವಕೀಲ, ಆ ರಸ್ತೆಯಲ್ಲಿ ನಡೆದಾಡುವವರೇ ಇಲ್ಲ ಎಂದ. ದಿನಾ ಅದೇ ದಾರಿಯಲ್ಲಿ ಇಳಿದುಬರುತ್ತೇನೆ ಎಂದ ಏಸಾ. ಅವನಿಗೆ ವಕೀಲನಿರಲಿಲ್ಲ. ಚರ್ಚಿಗೆ ಹಾಕುವ ಕರಿಯ ಕೋಟು ತೊಟ್ಟು ಬಂದಿದ್ದ. ಡರಾಯಸ್‌ನ ಕಡೆ ಒಂದು ಸಲವೂ ನೋಡಲಿಲ್ಲ. ಹಾಗಾದರೆ ಹೋಗಿ ನೋಡೋಣ ಎಂದರು ವಿಟ್‌ಕಾಂಬ್.

ಕೋರ್ಟು ಸ್ಥಳ ತನಿಖೆಗೆ ಹೊರಟರೆ ಒಂದು ಕಟ್ಟುಪಾಡು ಉಂಟು. ಅಲ್ಲಿ ಯಾರೂ ಕೇಸಿನ ಮಾತೆತ್ತಬಾರದು. ಕಕ್ಷಿಗಾರರು ಬೇಕಾದರೆ ಬೆರಳು ತೋರಿಸಬಹುದು, ಬಾಯಿ ಬಿಡುವ ಹಾಗಿಲ್ಲ. ಹವೆಯ ಬಗ್ಗೆ, ಕೊಯ್ಲಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಹಾಗಾಗಿ ಒಂದು ಬಿಸಿಲ ಬೆಳಿಗ್ಗೆ ಮೂವರು ಜಡ್ಜರೂ, ಊರಿನ ವಕೀಲನೂ ವಿಟ್‌ಕಾಂಬ್ ಅವರ ಕಾರಿನಲ್ಲಿ ಕೂತು ಗುಡ್ಡದ ಬುಡಕ್ಕೆ ಬಂದರು. ಮೊದಲ ಏರಿನಲ್ಲೇ ಕಾರಿನ ನೀರು ಕುದಿಯಿತು. ಅದನ್ನು ಅಲ್ಲೇ ಬಿಟ್ಟು ನಡೆದರು. ಈ ಸಲ ಹುಲ್ಲು ಚೆನ್ನಾಗಿ ಒಣಗುತ್ತಿದೆ ಎಂದ ವಕೀಲ. ಹೌದು, ಇನ್ನೊಂದು ವಾರ ಮಳೆ ಬಾರದಿದ್ದರೆ ಸಾಕು ಎಂದ ಎಮೊರಿ.

ಡರಾಯಸ್ ಗುಡ್ಡ ಹತ್ತಿ ಎಷ್ಟೋ ವರ್ಷವಾಗಿತ್ತು. ಪ್ರತಿ ಬೇಸಿಗೆಯಲ್ಲೂ ಹೋಗಬೇಕು ಎಂದುಕೊಳ್ಳುವನು. ಕೊಯ್ಲು ಅಡ್ಡ ಬರುವುದು, ಇಲ್ಲ ಮಂಡಿ ನೋವು ಅಡ್ಡ ಬರುವುದು. ಏಸಾ ಸಿಗುತ್ತಿದ್ದುದು ಸೆಪ್ಟೆಂಬರಿನ ದನದ ಪ್ರದರ್ಶನದಲ್ಲಿ ಮಾತ್ರ. ಈಗ ಹತ್ತುತ್ತ ಅವನು ಸುತ್ತ ನೋಡಿದ. ಪಾರ್ಕ್‌ಹರ್ಸ್ಟ್‌ರ ಮನೆಯಿದ್ದ ಕಡೆ ನೆಲಮಾಳಿಗೆಯ ಗುಂಡಿಯೊಂದೇ ಉಳಿದು, ಅದರೊಳಗಿನಿಂದ ಬರ್ಚ್ ಮರ ಎದ್ದಿತ್ತು. ಬಾಗಿಲಿದ್ದ ಜಾಗದಲ್ಲಿ ಲೈಲಾಕ್ ಪೊದೆ ಬಾಗಿಲನ್ನೇ ಕಾಯುತ್ತಿರುವ ಹಾಗೆ ನಿಂತಿತ್ತು. ಶಾಲೆಯ ಮೆಟ್ಟಿಲುಕಲ್ಲು ಇತ್ತು, ಶಾಲೆ ಇರಲಿಲ್ಲ. ಆ ಕಲ್ಲಿನ ಮೇಲೆ ಕೂತು ಅವನೂ ಏಸಾನೂ ಬುತ್ತಿಯ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದರು; ಏಸಾನ ತಾಯಿ ಸೇಬಿನ ಕಡುಬು ಕಟ್ಟುತ್ತಿದ್ದಳು, ಇವನ ತಾಯಿ ಬರೀ ಬ್ರೆಡ್ಡು.

ಹಳ್ಳದ ಮೇಲಿನ ಸೇತುವೆಗೆ ಬಂದರು. ಮಾಡು ಹೊದಿಸಿದ ಹಳೆಯ ಮರದ ಸೇತುವೆ. ಒಳಗೆ ಕಾಲಿಟ್ಟ ಕೂಡಲೇ ತಂಪು, ಹಳೆಯ ಹುಲ್ಲಿನ ವಾಸನೆ. ರಸ್ತೆಯಾದ ಮೇಲೆ ಚಳಿಗಾಲದಲ್ಲಿ ಹಿಮದ ಮೇಲೆ ದೊಡ್ಡ ಮರದ ಉರುಳೆ ಎಳೆಸಿ ರಸ್ತೆಯನ್ನು ಗಟ್ಟಿ ಮಾಡುತ್ತಿದ್ದರು. ಮೂರು ಜೊತೆ ಕುದುರೆ ಹೂಡುತ್ತಿದ್ದರು, ಅವುಗಳ ಮೈಯಿಂದ ಹೊಗೆಯಂತೆ ಹಬೆ ಏಳುತ್ತಿತ್ತು. ಮಾಡು ಇದ್ದ ಸೇತುವೆಯೊಳಗೆ ಹಿಮ ಬೀಳದು. ಜಾರುಬಂಡಿ ಹೋಗಲೆಂದು ಒಳಗೆ ಹಿಮ ತಂದು ಸುರಿಯಲು ಒಬ್ಬ ಆಳನ್ನೇ ಊರು ನೇಮಿಸುತ್ತಿತ್ತು. ಡರಾಯಸ್ ಮದುವೆಯಾಗಿ ಲವೀಸಾಳನ್ನು ಕರೆತಂದ ದಿನ ಆ ಆಳು ಕುಡಿದು ಮಲಗಿದ್ದ. ಬಂಡಿ ಬರಿಯ ಹಲಗೆಯ ಮೇಲೆ ಕಿರ್ರೆಂದು ಕಿರುಚಿ ನಿಂತುಬಿಟ್ಟಿತು. ಹಿಂದಿನ ಬಂಡಿಯಿಂದ ಹಾರಿದ ಏಸಾ ಮದುವೆಗೆಂದು ಹಾಕಿಕೊಂಡಿದ್ದ ಟೋಪಿಯಲ್ಲೇ ಹಿಮ ತುಂಬಿ ತುಂಬಿ ತಂದು ಸುರಿದ. ಲವೀಸಾ ಕಂಬಳಿಯೊಳಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಡರಾಯಸ್ ಇದನ್ನು ಯಾರಿಗೂ ಹೇಳಲಿಲ್ಲ. ಅದು ಕೇಸಿನ ಮಾತಾಗುತ್ತಿತ್ತೋ ಏನೋ.

ಸೇತುವೆಯಿಂದ ಮೇಲೆ ರಸ್ತೆಯ ತುಂಬ ಹುಲ್ಲು. ವಕೀಲ ಮೌನವಾಗಿ ಅದನ್ನು ಬೆರಳಿನಿಂದ ತೋರಿಸಿದ. ವಿಟ್‌ಕಾಂಬ್ ತಲೆಯಾಡಿಸಿದರು.  ಆದರೆ ಕೊನೆಯ ತಿರುವು ದಾಟಿದರೆ ನೋಟವೇ ಬೇರೆ. ಏಸಾನ ಮನೆಯವರೆಗೂ ರಸ್ತೆ ಚೊಕ್ಕಟವಾಗಿತ್ತು, ಎರಡು ಬದಿಯೂ ಹಸನಾಗಿತ್ತು. ವಿಟ್‌ಕಾಂಬ್ ಅವರ ಮುಖ ಅರಳಿತು.

ಅವರಿಗೆ ಕಾಣದ್ದು ಡರಾಯಸ್‌ಗೆ ಕಂಡಿತು. ಅದು ಓಡಾಡಿ ಸವೆದ ದಾರಿಯಲ್ಲ, ಕುಡುಗೋಲಿನಿಂದ ಕೊಯ್ದ ದಾರಿ. ಹುಲ್ಲಿನ ಬುಡಗಳು ಇನ್ನೂ ಹಸಿಯಾಗಿ ಬೆಳ್ಳಗಿದ್ದವು. ಕೊಯ್ದ ಹುಲ್ಲನ್ನು ಕಲ್ಲುಗೋಡೆಯಾಚೆ ಎಸೆದಿದ್ದರು. ಅದರ ವಾಸನೆ ನಿನ್ನೆ ಸಂಜೆಯದು. ಎಮೊರಿ ಒಮ್ಮೆ ಕೆಳಗೆ ನೋಡಿ, ಒಮ್ಮೆ ಡರಾಯಸ್‌ನ ಮುಖ ನೋಡಿ, ಆಮೇಲೆ ಆಕಾಶ ನೋಡಿದ.

ಏಸಾ ಅಂಗಳದಲ್ಲಿ ನಿಂತಿದ್ದ. ಶುಂಠಿ, ಹುಳಿರಸ, ಕಾಕಂಬಿ ಕಲಸಿದ ತಣ್ಣೀರನ್ನು ಹೂಜಿಯಲ್ಲಿ ತುಂಬಿ ಇಟ್ಟಿದ್ದ. ಎಲ್ಲರೂ ಕುಡಿದರು. ಡರಾಯಸ್ ಲೋಟ ಹಿಡಿದುಕೊಂಡು ಸುಮ್ಮನೆ ಮನೆಯ ಸುತ್ತ ನಡೆದ. ರಸ್ತೆಯ ಕಡೆಯ ಬಾಗಿಲಿಗೆ ಕಾಡುಬಳ್ಳಿ ಹಬ್ಬಿ, ಚಿಲಕದ ಮೇಲೆಲ್ಲ ಹೆಣೆದುಕೊಂಡಿತ್ತು. ಆ ಬಾಗಿಲು ತೆರೆದು ವರ್ಷಗಳೇ ಆಗಿರಬೇಕು. ಹಿಂದಿನ ಬಾಗಿಲಿನಿಂದ ಮಾತ್ರ ಒಂದು ಕಾಲುದಾರಿ ಹೊರಟಿತ್ತು. ಕೊಟ್ಟಿಗೆ ದಾಟಿ, ಗುಡ್ಡದ ಬಡಗಣ ಮಗ್ಗುಲಿಗೆ, ಸದರ್ಬಿ ಊರಿನ ಕಡೆಗೆ. ಮಣ್ಣು ಬಿಳಿಚಿ ಗಟ್ಟಿಯಾಗುವಷ್ಟು ನಡೆದ ದಾರಿ, ಕೈಗಾಡಿಯ ಚಕ್ರದ ಗುರುತೂ ಇತ್ತು. ಏಸಾನ ಅಣ್ಣನ ಮಗಳನ್ನು ಸದರ್ಬಿಗೆ ಕೊಟ್ಟಿರುವುದು ಡರಾಯಸ್‌ಗೆ ಗೊತ್ತಿತ್ತು. ಅಲ್ಲೊಂದು ಬೆಣ್ಣೆ ಡೈರಿ ಆಗಿದೆ ಎಂದೂ ಕೇಳಿದ್ದ. ಏಸಾ ಕಟ್ಲರನ ರಸ್ತೆಯನ್ನು ಬಿಟ್ಟು ಎಷ್ಟು ಕಾಲವಾಯಿತೋ.

ತಿರುಗಿ ನೋಡಿದರೆ ಏಸಾ ಹೂಜಿ ಹಿಡಿದು ಹಿಂದೆಯೇ ನಿಂತಿದ್ದ. ಇಬ್ಬರೂ ಆ ಕಾಲುದಾರಿಯನ್ನು ನೋಡಿದರು. ಕಟ್ಟುಪಾಡು ಕಟ್ಟುಪಾಡೇ.

"ಇನ್ನೊಂದು ಲೋಟ ಹಾಕ್ಲಾ?" ಎಂದ ಏಸಾ.

"ಹಾಕು," ಎಂದ ಡರಾಯಸ್.

ಇಳಿಯುವಾಗ ವಿಟ್‌ಕಾಂಬ್ ಕೇಸಿನ ಮಾತಾಡಲಿಲ್ಲವಾದರೂ, ಒಬ್ಬಂಟಿ ಮುದುಕನ ಅಚ್ಚುಕಟ್ಟುತನವನ್ನು ಬಾಯಿತುಂಬ ಹೊಗಳಿದರು. ಡರಾಯಸ್ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ರಸ್ತೆ ಉಳಿಯುತ್ತಿತ್ತು.

ಮನೆಯಲ್ಲಿ ಕೋರ್ಟಿನ ವಿಷಯ ಎತ್ತುವುದಿಲ್ಲ ಎಂಬುದು ಅವನೇ ಹಾಕಿಕೊಂಡ ನಿಯಮ. ಸಂಜೆ ಜಗಲಿಯಲ್ಲಿ ಲವೀಸಾ ಬಟಾಣಿ ಬಿಡಿಸುತ್ತಿದ್ದಳು. ಅವನೂ ಕೂತು ಬಿಡಿಸಿದ. ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದುದನ್ನು ಅವಳು ಸ್ವಲ್ಪ ಹೊತ್ತು ಸಹಿಸಿದಳು.

"ಏಸಾ ಹೇಗಿದಾನೆ?" ಎಂದಳು.

"ಗಟ್ಟಿಯಾಗಿದಾನೆ."

"ಅವನಿಗೆ ಆ ರಸ್ತೆ ಬೇಕಿಲ್ಲ, ಅಲ್ವಾ?"

ಡರಾಯಸ್ ತಲೆಯೆತ್ತಿದ. ಅವಳು ಬಟಾಣಿಯಿಂದ ಕಣ್ಣು ತೆಗೆಯದೆ ಹೇಳಿದಳು: "ನಾನೇನು ಕೇಳ್ತಿಲ್ಲಪ್ಪ, ಜಡ್ಜ್ ಸಾಹೇಬ್ರನ್ನ ಕೇಳೋ ಹಾಗಿಲ್ಲ. ಸದರ್ಬಿಯ ಹೆಂಗಸರು ಚರ್ಚಲ್ಲಿ ಹೇಳ್ತಿರ್ತಾರೆ, ವಾರಕ್ಕೆರಡು ಸಲ ಏಸಾನ ಕೈಗಾಡಿ ಅಲ್ಲಿರುತ್ತಂತೆ. ತನಗೆ ಬೇಕು ಅಂತ ಕೋರ್ಟು ಹತ್ತೋ ಪ್ರಾಣೀನಾ ಅದು? ನಿನ್ನ ಹೆಸರು ಅಳಿಸಿಹೋಗುತ್ತೆ ಅಂತ ಹತ್ತಿದಾನೆ."

"ಮುಂಚೇನೇ ಯಾಕೆ ಹೇಳ್ಲಿಲ್ಲ?"

"ಮನೇಲಿ ಆ ಮಾತು ಬೇಡ ಅಂದೋನು ನೀನು."

ಅವನು ಬುಟ್ಟಿಯೊಳಗಿನ ಕಾಳನ್ನು ಒಂದೊಂದಾಗಿ ಆರಿಸಿ ಪಾತ್ರೆಗೆ ಹಾಕುತ್ತ ಕೂತ. ಕೆಳಗಿನ ಹೊಲದವರು ನೆನಪಿಗೆ ಬಂದರು. ಅವರಲ್ಲಿ ಬಹಳ ಜನರ ತಂದೆಯರು ಅವನಿಗೆ ಓಟು ಹಾಕಿ ಮಾಂಟ್‌ಪೀಲಿಯರ್‌ಗೆ ಕಳಿಸಿದವರು. ಯಾರೂ ನಡೆಯದ ರಸ್ತೆಗೆ ಅವರು ಪ್ರತಿ ವಸಂತದಲ್ಲೂ ತಮ್ಮ ಕುದುರೆ, ತಮ್ಮ ಗಾಡಿ ತಂದು ಜಲ್ಲಿ ಸುರಿಯಬೇಕು. ಅಂದು ಅವನು ಒಲೆಗಳು ಉರಿಯುತ್ತವೆ ಎಂದು ಹೇಳಿ ಗೆದ್ದಿದ್ದ. ಆಗ ಉರಿಯುತ್ತಿದ್ದವು.

ಮರುದಿನ ಕೋರ್ಟಿನ ಹಿಂದಿನ ಕೋಣೆಯಲ್ಲಿ ವಿಟ್‌ಕಾಂಬ್ ಅವರು ತಾವೇ ಮೊದಲು ಮಾತು ತೆಗೆದು, ರಸ್ತೆ ಸತ್ತೇಹೋಗಿದೆ ಎಂದುಕೊಂಡಿದ್ದೆ, ಆದರೆ ಮೇಲಿನ ತುದಿ ಬಳಕೆಯಲ್ಲಿದೆ, ಉಳಿಸೋಣ ಎಂದರು. ಎಮೊರಿ ಡರಾಯಸ್‌ನ ಕಡೆ ನೋಡಿದ.

"ಆ ಹುಲ್ಲು ಕೊಯ್ದದ್ದು ಹಿಂದಿನ ದಿನ," ಎಂದ ಡರಾಯಸ್. "ಮುಂಬಾಗಿಲಿಗೆ ಬಳ್ಳಿ ಹಬ್ಬಿದೆ. ಅವನು ಓಡಾಡೋದು ಸದರ್ಬಿ ಕಡೆಗೆ."

 ಆ ಮನುಷ್ಯ ಕೋರ್ಟಿನ ಕಣ್ಣಿಗೆ ಮಣ್ಣೆರಚಲು ನೋಡಿದನೇ ಎಂದು ವಿಟ್‌ಕಾಂಬ್ ನಿಧಾನವಾಗಿ ಕೇಳಿದರು. ದಿನಾ ಅದೇ ದಾರಿಯಲ್ಲಿ ಬರುತ್ತೇನೆ ಎಂದು ಪ್ರಮಾಣ ಮಾಡಿ ಹೇಳಿದ್ದು ಅವರ ನೆನಪಿನಲ್ಲಿತ್ತು. 

"ಜುಲೈ ತಿಂಗಳಲ್ಲಿ ಮನೆ ಮುಂದೆ ಹುಲ್ಲು ಕೊಯ್ಯದೋನು ಯಾರಿದಾನೆ ಸ್ವಾಮಿ?" ಎಂದ ಎಮೊರಿ. ಹತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಯಾರೂ ಕೇಳದೆ ಮಾತಾಡಿದ್ದು ಅದೇ ಮೊದಲು. "ದಿನಾ ಬರ್ತೀನಿ ಅಂದದ್ದು ಹಳೇ ಅಭ್ಯಾಸದ ಮಾತು. ವಯಸ್ಸಾದೋರು ಹಿಂದಿನದನ್ನ ಇವತ್ತು ಅಂತಾರೆ."

ವಿಟ್‌ಕಾಂಬ್ ಕನ್ನಡಕ ತೆಗೆದು ಒರೆಸಿದರು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಹಾಗಾದರೆ ನಿಮ್ಮ ಮತ ಏನು ಕಟ್ಲರ್ ಅವರೇ ಎಂದರು. ರಸ್ತೆ ಕೈಬಿಡಬಹುದು ಎಂದ ಡರಾಯಸ್. ಎಮೊರಿಯೂ ಅದನ್ನೇ ಅಂದ.

ಏಸಾನ ಹತ್ತಿರ ಹೋಗಲು ಡರಾಯಸ್‌ಗೆ ಮನಸ್ಸು ಗಟ್ಟಿಯಾದದ್ದು ಅಕ್ಟೋಬರಿನಲ್ಲಿ, ಮೇಪಲ್ ಎಲೆ ಕೆಂಪಾಗಿ ಅರ್ಧ ಉದುರಿದ ಮೇಲೆ. ಟಪಾಲು ಗಾಡಿಯಲ್ಲಿ ಸದರ್ಬಿಗೆ ಹೋಗಿ, ಅಲ್ಲಿಂದ ಕಾಲುದಾರಿ ಹಿಡಿದ. ಏಸಾ ಹಿಂಬಾಗಿಲಿನ ಹತ್ತಿರ ಸೌದೆ ಒಡೆಯುತ್ತಿದ್ದ.

"ಬಂದೆಯಾ," ಎಂದ, ಕೊಡಲಿ ಇಳಿಸದೆ. "ದಾರಿ ಹೇಗಿದೆ?"

"ಸಲೀಸು."

"ಹೂಂ. ಏರು ಕಡಿಮೆ. ನಿನ್ನ ರಸ್ತೆ ಮಂಡಿ ಮುರಿಯುತ್ತೆ." ಇನ್ನೊಂದು ಕೊರಡು ಇಟ್ಟು ಸೀಳಿದ. "ಯಾಕೆ ಹೇಳ್ದೆ ಅವರಿಗೆ? ಸುಮ್ನಿದ್ದಿದ್ರೆ ಆಗ್ತಿತ್ತು."

"ನನಗೋಸ್ಕರ ನೀನು ಕೋರ್ಟಿಗೆ ಬರಬಾರದಾಗಿತ್ತು ಏಸಾ. ನನ್ನ ಹೆಸರು ಹೋದ್ರೆ ಹೋಗ್ಲಿ."

ಏಸಾ ಈಗ ಕೊಡಲಿ ಇಳಿಸಿದ. ಮುಖ ಕೆಂಪಾಗಿತ್ತು, ಸೌದೆ ಒಡೆದದ್ದಕ್ಕೆ ಮಾತ್ರವಲ್ಲ.

"ನಿನಗೋಸ್ಕರ ಅಂತ ಯಾರು ಹೇಳಿದ್ರು? ಎಲ್ಲಾ ನಿನಗೋಸ್ಕರಾನೇ ನಡೆಯುತ್ತೆ ಅಂದ್ಕೊಂಡಿದೀಯಾ? ನೀನು ಮಾಂಟ್‌ಪೀಲಿಯರ್‌ನಲ್ಲಿ ಬೆಚ್ಚಗೆ ನಿಂತು ನಾಲ್ಕು ಮಾತಾಡಿದೆ. ಮೂರು ಬೇಸಿಗೆ ಕಲ್ಲು ಹೊತ್ತೋನು ಯಾರು? ಪೂರ್ತಿ ಗುಡ್ಡದಲ್ಲಿ ಮೋರಿ ಕಟ್ಟಿದೋನು ಯಾರು? ಜನ ಕಟ್ಲರನ ರಸ್ತೆ ಅಂದ್ರು, ನಾನೂ ಅಂದೆ. ಅಂದ ಮಾತ್ರಕ್ಕೆ ನಿಂದಾಗಿಬಿಡ್ತಾ?"

 ಇಷ್ಟು ವರ್ಷದಲ್ಲಿ ಒಮ್ಮೆಯೂ ಡರಾಯಸ್ ಇದನ್ನು ಯೋಚಿಸಿರಲಿಲ್ಲ. ರಸ್ತೆ ಕೆಲಸ ನಡೆಯುವಾಗ ಆಳುಗಳ ಪೈಕಿ ಏಸಾ ಇದ್ದುದು ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ಸೌದೆಯ ರಾಶಿಯ ಅಂಚಿಗೆ ಕೂತ. ಏಸಾ ಸ್ವಲ್ಪ ಹೊತ್ತು ಸೌದೆ ಜೋಡಿಸಿದ, ಆಮೇಲೆ ಅವನೂ ಪಕ್ಕದಲ್ಲಿ ಕೂತ. ಬೆವರು ಆರಿದ ಮೇಲೆ ಅವನ ಸಿಟ್ಟೂ ಆರಿದಂತೆ ಕಂಡಿತು.

"ತೋರಿಸು," ಎಂದ ಡರಾಯಸ್.

"ಏನನ್ನ?"

"ನೀನು ಕಟ್ಟಿದ್ದನ್ನ."

ಏಸಾ ಅವನ ಮುಖ ನೋಡಿ, ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಎದ್ದ. ಇಬ್ಬರೂ ಮನೆಯನ್ನು ಬಳಸಿ ರಸ್ತೆಗೆ ಬಂದರು. ಮತ್ತೆ ಹುಲ್ಲು ಚಿಗುರಿ, ಅದರ ಮೇಲೆ ಎಲೆ ಉದುರಿ, ಹೆಜ್ಜೆ ಇಟ್ಟಲ್ಲೆಲ್ಲ ಸದ್ದಾಗುತ್ತಿತ್ತು. ತಿರುವಿನ ಕೆಳಗೆ ಏಸಾ ನಿಂತು, ಅಂಚಿನ ಪೊದೆಯನ್ನು ಕೈಯಿಂದ ಸರಿಸಿ, ಕೆಳಗಿಳಿದು ಬಗ್ಗಿ ಕೂತ. ಡರಾಯಸ್ ಮಂಡಿ ಹಿಡಿದುಕೊಂಡು ಹಿಂದೆಯೇ ಇಳಿದ. ಅಷ್ಟು ಸಲ ಈ ರಸ್ತೆಯ ಮೇಲೆ ಹೋಗಿದ್ದರೂ ಅದರ ಅಡಿಯಲ್ಲಿ ಏನಿದೆ ಎಂದು ಅವನು ಇಣುಕಿ ನೋಡಿರಲಿಲ್ಲ. ಚಪ್ಪಡಿಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿದ್ದ ಮೋರಿ. ನಡುವೆ ಚಾಕು ತೂರಿಸಲೂ ಸಂದಿಲ್ಲ. ಒಂದು ಕಲ್ಲೂ ಕದಲಿರಲಿಲ್ಲ. ಒಳಗೆ ಕತ್ತಲಲ್ಲಿ ನೀರು ಹರಿಯುತ್ತಿತ್ತು.

"ಈ ದಪ್ಪ ಕಲ್ಲು ಪಾರ್ಕ್‌ಹರ್ಸ್ಟ್‌ರ ಹೊಲದ್ದು," ಎಂದ ಏಸಾ. "ಎತ್ತು ಎಳೀಲಿಲ್ಲ. ಹಿಮ ಬೀಳೋ ತನಕ ಕಾದು, ಜಾರುಬಂಡೀಲಿ ತಂದೆ."

ಡರಾಯಸ್ ಕೈ ಚಾಚಿ ಕಲ್ಲಿನ ಮೇಲಿಟ್ಟ. ತಣ್ಣಗಿತ್ತು.

"ಆ ಪಕ್ಕದ್ದು?" ಎಂದು ಕೇಳಿದ.

ಏಸಾ ಆ ಪಕ್ಕದ್ದನ್ನು ಹೇಳತೊಡಗಿದ.